ಕೂಗಿದ್ದು ನನಗೆ ಕೇಳಿಸಿತ್ತು

ಸ್ನಾನಕ್ಕೆ ಹೊರಟ ತಂಗಿ ನನಗೆ ಹೇಳಿದ್ದು ಇಷ್ಟೇ: "ಅಕ್ಕ, ಇದು ಕೆಂಪಗಾಗಿ ಕೂಗಿದ್ರೆ ನನ್ನ ಕರಿ. ಸೋಪು ಹಚ್ಕೊಂಡಿದ್ರೂ ಎದ್ದು ಬತ್ತೀನಿ." ಅವಳ ಲ್ಯಾಪ್‌ಟಾಪು ಜಗಲಿಯ ಮೇಲಿತ್ತು. ಪಕ್ಕದಲ್ಲೇ ನಾನು ಕಾಯಿ ಆರಿಸುತ್ತ ಕೂತಿದ್ದೆ. ಅದು ಕೂಗಿತು. ನಾನು ಅವಳನ್ನು ಕರೆಯಲಿಲ್ಲ. ಅವಳು ಬಂದು ಕೇಳಿದಾಗ ಕೂಗಲೇ ಇಲ್ಲ ಎಂದೆ.

ನಡೆದದ್ದು ಇಷ್ಟೇ. ಇದರಿಂದ ಯಾರಿಗೂ ಗಾಯವಾಗಲಿಲ್ಲ, ಯಾರ ಮನೆಯೂ ಹಾಳಾಗಲಿಲ್ಲ. ಆದರೆ ಒಬ್ಬ ಹುಡುಗಿಯ ಕೆಲಸದ ಮೇಲೆ ಎಲ್ಲರೂ ಅನುಮಾನ ಪಟ್ಟರು, ನನ್ನ ತಂಗಿಯ ಮಾತು ಸುಳ್ಳಾಯಿತು. ಯಾಕೆ ಹಾಗೆ ಮಾಡಿದೆ ಎಂದು ಹೇಳಬೇಕಾದರೆ ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು.

ನಾವು ಇಬ್ಬರೇ ಹೆಣ್ಣುಮಕ್ಕಳು. ನಮ್ಮೂರು ತಿಪಟೂರಿನಿಂದ ಶೆಟ್ಟಿಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿದೆ. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ತಂಗಿ ಇನ್ನೂ ತೆವಳುವ ಕೂಸು. ಅವಳನ್ನು ಸೊಂಟಕ್ಕೇರಿಸಿಕೊಂಡೇ ಅಡಿಗೆ ಮಾಡಿದೆ, ಎಮ್ಮೆ ಕರೆದೆ. ಅವ್ವ ಎದ್ದು ಓಡಾಡುವ ಹೊತ್ತಿಗೆ ನನ್ನ ಜೊತೆಯವರೆಲ್ಲ ಹೈಸ್ಕೂಲಿನಲ್ಲಿದ್ದರು. ಮತ್ತೆ ಹೋಗು ಅಂತ ಯಾರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ನನ್ನ ಗಂಡನನ್ನು ಮನೆ ಅಳಿಯನಾಗಿ ತಂದರು. ಅಪ್ಪ ಹೋದ ಮೇಲೆ ತೋಟ ನಾವು ಗಂಡ ಹೆಂಡತಿ ನೋಡಿಕೊಳ್ಳುತ್ತಿದ್ದೇವೆ.

ತಂಗಿ ಓದಿದಳು. ಅವಳು ತಿಪಟೂರಿನ ಕಾಲೇಜಿಗೆ ಹೋಗುವಾಗ ಅವಳ ಬಸ್ ಪಾಸಿನಲ್ಲಿ ಅವಳ ಫೋಟೋ ಇತ್ತು. ಎರಡು ಜಡೆ, ನೇರ ನೋಟ. ಬಟ್ಟೆ ಒಗೆಯುವಾಗ ಆ ಪಾಸು ಅವಳ ಜೇಬಿನಲ್ಲಿ ಸಿಕ್ಕರೆ ನಾನು ಕೈ ಒರೆಸಿಕೊಂಡು ತುಂಬ ಹೊತ್ತು ನೋಡುತ್ತಿದ್ದೆ. ನನ್ನ ಮೊದಲ ಫೋಟೋ ತೆಗೆದದ್ದು ನನ್ನ ಮದುವೆಯಲ್ಲಿ. ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದೇನೆ.

ನನಗೆ ಅಂತ ಇದ್ದದ್ದು ಒಂದೇ, ನನ್ನ ಕಿವಿ. ನಮ್ಮ ಕಡೆ ತೆಂಗಿನಕಾಯನ್ನು ಕೆಡವಿದ ಕೂಡಲೇ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಒಳಗೇ ಉರುಳಾಡುವಂತಾದರೆ ಅದು ಕೊಬ್ಬರಿ. ಆತುರಪಟ್ಟು ಒಡೆದರೆ ಕಾಯೂ ಅಲ್ಲ ಕೊಬ್ಬರಿಯೂ ಅಲ್ಲ ಅನ್ನುವಂಥದ್ದು ಕೈಗೆ ಬರುತ್ತದೆ. ಹಾಗಾಗಿ ಒಡೆಯದೆ ತಿಳಿಯಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಣಗಿದ್ದು ಗಟ್ಟಿಯಾಗಿ ಗಡಗಡ ಅನ್ನುತ್ತದೆ. ನೀರಿದ್ದರೆ ಬೇರೆ ಸದ್ದು. ಒಳಗೆ ಕೊಳೆತು ಕೌಟಾಗಿದ್ದರೆ ಸದ್ದು ಮೆತ್ತಗೆ, ಬಟ್ಟೆಯಲ್ಲಿ ಸುತ್ತಿದ ಕಲ್ಲಿನ ಹಾಗೆ. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಬರುವ ವಿದ್ಯೆ. ನನಗೆ ಸ್ವಲ್ಪ ಹೆಚ್ಚು ಬರುತ್ತಿತ್ತು, ಅಷ್ಟೆ. ಅನುಮಾನದ ಕಾಯಿ ಬಂದರೆ ಅಪ್ಪ, "ದೊಡ್ಡವಳ್ನ ಕರೀರಿ, ಅವಳ ಕಿವಿಗೆ ಬೀಳ್ಲಿ" ಅನ್ನುತ್ತಿದ್ದ. ಅಟ್ಟದ ಮೇಲೆ ಧೂಳಿನಲ್ಲಿ ಕೂತು ಒಂದೊಂದೇ ಅಲ್ಲಾಡಿಸಿ ಕೆಳಗೆ ಕೊಡುತ್ತಿದ್ದೆ. ತಂಗಿ ಅಟ್ಟ ಹತ್ತುತ್ತಿರಲಿಲ್ಲ. ಧೂಳು ಅವಳ ಮೂಗಿಗೆ ಆಗುತ್ತಿರಲಿಲ್ಲ. ಮೇಲಾಗಿ ಅವಳಿಗೆ ಓದುವುದಿರುತ್ತಿತ್ತು.

ಈಗ ಅವಳು ವಿಜ್ಞಾನಿ. ಉತ್ತರದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾಳೆ. ವರ್ಷಕ್ಕೆ ಒಂದೆರಡು ಸಲ ಯುರೋಪಿಗೆ ಹೋಗಿ ನೆಲದಾಳದ ಒಂದು ಸುರಂಗಕ್ಕೆ ಇಳಿದು ಬರುತ್ತಾಳೆ. ಹೋದ ವರ್ಷ ಶ್ರಾವಣ ಕಳೆದ ಮೇಲೆ ಅವ್ವನ ಕಣ್ಣಿನ ಪೊರೆ ತೆಗೆಸಿದೆವು. ಆಗ ಅವಳು ಒಂದು ತಿಂಗಳು ಮನೆಯಲ್ಲಿದ್ದಳು. ರಜೆ ಪೂರ್ತಿ ಸಿಕ್ಕಿರಲಿಲ್ಲ. ಕೆಲವು ದಿನ ಮಧ್ಯಾಹ್ನದಿಂದ ಸಂಜೆವರೆಗೂ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ಅದಕ್ಕೆ ಪಾಳಿ ಅನ್ನುತ್ತಿದ್ದಳು. ಸುರಂಗದಲ್ಲಿರುವ ಯಂತ್ರವನ್ನು ಇಲ್ಲಿಂದ ಕಾಯುವ ಪಾಳಿ. ಒಳಗೆ ಸಿಗ್ನಲ್ ಬಾರದ್ದರಿಂದ ಜಗಲಿಯ ಕಂಬಕ್ಕೆ ಮೊಬೈಲು ಒರಗಿಸಿ ಅದರಿಂದ ಇಂಟರ್ನೆಟ್ ತೆಗೆದುಕೊಳ್ಳುತ್ತಿದ್ದಳು. ಮೊಬೈಲನ್ನು ಅಲ್ಲಿಂದ ಕದಲಿಸುವ ಹಾಗಿರಲಿಲ್ಲ.

ಮೊದಲ ದಿನ ಊಟಕ್ಕೆ ಕೂತಾಗ ನಾನೇ ಕೆಣಕಿದೆ.

"ಅಲ್ಲ ಕಣೇ, ಇಷ್ಟು ವರ್ಷ ಓದಿ ನೀನು ಮಾಡೋದು ಕಾವಲು ಕಾಯೋ ಕೆಲಸಾನಾ?"

"ಹೂಂ ಅಕ್ಕ. ಕಾವಲೇ."

"ಏನು ಬರುತ್ತೆ ಅಂತ ಕಾಯ್ತೀಯ?"

"ಬರುತ್ತೋ ಇಲ್ವೋ ಗೊತ್ತಿಲ್ಲ. ಬಂದ್ರೆ ಇರ್ಲಿ ಅಂತ."

ನನ್ನ ಗಂಡ ಮುದ್ದೆ ಮುರಿಯುತ್ತ ನಕ್ಕರು. "ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕಾದಂಗೆ ಅನ್ನಮ್ಮ."

"ಕರೆಂಟು ಒಂದೊಂದ್ಸಲ ಆದ್ರೂ ಬರುತ್ತೆ ಭಾವ," ಎಂದಳು ತಂಗಿ.

ಎಲ್ಲರೂ ನಕ್ಕರು. ನನ್ನ ಮಗಳು ಮಾತ್ರ ನಗದೆ, ತಟ್ಟೆ ಪಕ್ಕಕ್ಕಿಟ್ಟು, "ಚಿಕ್ಕಮ್ಮ, ಮೊದ್ಲಿಂದ ಹೇಳು" ಎಂದಳು. ಅವಳು ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ನಾನು ಏನಾದರೂ ಹೇಳಿದರೆ ಮೊಬೈಲು ನೋಡುತ್ತಲೇ ಹೂಂಗುಟ್ಟುವವಳು ಅವತ್ತು ಕೈ ಒಣಗಿದರೂ ಏಳಲಿಲ್ಲ. ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ. ನನಗೆ ತಿಳಿದಷ್ಟು ಹೇಳುತ್ತೇನೆ.

ನೆಲದ ಕೆಳಗೆ ದೊಡ್ಡ ಬಳೆಯಂಥ ಒಂದು ಸುರಂಗ. ಅದರೊಳಗೆ ಕಣ್ಣಿಗೆ ಕಾಣದ ಪ್ರೋಟಾನು ಎಂಬ ಕಣಗಳನ್ನು ಬೆಳಕಿನ ವೇಗಕ್ಕೆ ಹತ್ತಿರ ಓಡಿಸಿ ಎದುರುಬದುರು ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಿಂದ ಪಕ್ಕಕ್ಕೆ ಸಿಡಿದ ಚೂರುಗಳನ್ನು ಹಿಡಿಯಲು ಸುತ್ತಲೂ ದೊಡ್ಡ ಯಂತ್ರಗಳಿವೆ. ನೇರ ಮುಂದಕ್ಕೆ ಹೋದದ್ದು ಅವುಗಳ ಕೈಗೆ ಸಿಗುವುದಿಲ್ಲ. ತಂಗಿಯವರ ಯಂತ್ರ ಚಿಕ್ಕದು. ಅದು ಡಿಕ್ಕಿಯಾಗುವ ಜಾಗದಿಂದ ದೂರ, ಅದೇ ನೇರದಲ್ಲಿ, ಒಂದು ಹಳೆಯ ಪಕ್ಕದ ಸುರಂಗದಲ್ಲಿದೆ. ನಡುವೆ ಬರೀ ಬಂಡೆ. ಬೇರೆ ಕಣಗಳಲ್ಲಿ ಹೆಚ್ಚಿನವನ್ನು ದಾರಿಯ ಅಯಸ್ಕಾಂತಗಳು ಬದಿಗೆ ತಳ್ಳುತ್ತವೆ, ಬಂಡೆ ನುಂಗುತ್ತದೆ. ನ್ಯೂಟ್ರಿನೋ ಅನ್ನುವುದು ಮಾತ್ರ ಬಂಡೆಯಲ್ಲಿ ಏನೂ ಇಲ್ಲವೇನೋ ಎನ್ನುವಂತೆ ದಾಟಿ ಬರುತ್ತದೆ. ನಮ್ಮ ಮೈಯೊಳಗಿಂದಲೂ ಸದಾ ಹಾದುಹೋಗುತ್ತಲೇ ಇರುತ್ತದಂತೆ. ಅದಕ್ಕೆ ಶಕ್ತಿ ಹೆಚ್ಚಿದ್ದಷ್ಟೂ ಎಲ್ಲಾದರೂ ಹೋಗಿ ತಾಗುವ ಸಂಭವ ಹೆಚ್ಚು. ಡಿಕ್ಕಿಯಿಂದ ಬರುವವಕ್ಕೆ ಬಹಳ ಶಕ್ತಿ. ಹಾಗಾಗಿ ಭಾರದ ಲೋಹದ ತಗಡು, ನಡುವೆ ಫೋಟೋ ಫಿಲ್ಮಿನಂಥ ಹಾಳೆ, ಮತ್ತೆ ತಗಡು, ಮತ್ತೆ ಹಾಳೆ ಹೀಗೆ ಒತ್ತಾಗಿ ಜೋಡಿಸಿದ ಪೆಟ್ಟಿಗೆ ಇಟ್ಟು ಕಾಯುತ್ತಾರೆ. ಎಲ್ಲೋ ಒಂದು ತಗಡಿಗೆ ತಾಗಿದರೆ ಫಿಲ್ಮಿನಲ್ಲಿ ಗೆರೆಗಳು ಚದುರಿ ಮೂಡುತ್ತವೆ. ಕೆಲವು ತಿಂಗಳಿಗೊಮ್ಮೆ ಸುರಂಗಕ್ಕಿಳಿದು ಪೆಟ್ಟಿಗೆ ಬದಲಿಸುತ್ತಾರೆ.

"ಇನ್ನೊಂದು ಕಪ್ಪು ದ್ರವ್ಯ ಅಂತಾರಲ್ಲ ಚಿಕ್ಕಮ್ಮ, ಯಾರ ಕಣ್ಣಿಗೂ ಬೀಳದ್ದು, ಅದು?" ಎಂದಳು ಮಗಳು.

"ಅದು ನೇರ ಬರಲ್ಲ. ಅದರ ನೆಂಟ ಯಾರಾದ್ರೂ ಬರಬೋದು ಅಂತ ನಾವು ಅಂದ್ಕೊಂಡಿರೋದು. ಪೆಟ್ಟಿಗೆ ಹಿಂದೆ ಒಂದು ಖಾಲಿ ಕೊಳವೆ ಐತೆ. ಆ ನೆಂಟ ಕಾಣದಂಗೆ ಒಳಗೆ ಬಂದು, ಖಾಲಿ ಜಾಗದಲ್ಲಿ ಒಡೆದು ಎರಡಾಗಬೇಕು. ಎರಡು ಗೆರೆ ಕಾಣುತ್ತೆ."

"ಮಾಮೂಲಿ ಕಣನೂ ಬಂದು ಎರಡು ಗೆರೆ ಮಾಡಬೋದಲ್ಲ?"

"ಅದಕ್ಕೇ ಬಾಗಿಲಲ್ಲಿ ಕಾವಲು ಹಲಗೆ ಇಟ್ಟಿರೋದು. ಬಂಡೆ ದಾಟಿ ಬರೋ ಮಾಮೂಲಿ ಕಣ ಆ ಹಲಗೆ ಮೇಲೆ ಹಾದರೆ ಪಿಣಕ್ ಅಂತ ಹೊಳೆಯುತ್ತೆ. ಹೊಳೆಯದೇ ಒಳಗೆ ಎರಡು ಗೆರೆ ಬಂದ್ರೆ ಮಾತ್ರ ಅದು ನಮ್ಮ ನೆಂಟ. ಹಲಗೆಗೆ ಕರೆಂಟು ಹೋದ್ರೆ ಮುಗೀತು. ಒಳಗೆ ಏನು ಬಂದರೂ ಯಾರು ಬಂದೋರು ಅಂತ ಹೇಳೋಕಾಗಲ್ಲ. ನಾನು ಕಾಯೋದು ಆ ಹಲಗೆಗಳು ಎದ್ದಿವೆಯಾ ಅಂತ."

ನನಗೆ ಅರ್ಥವಾಯಿತು. ಚೆನ್ನಾಗಿಯೇ ಅರ್ಥವಾಯಿತು. ನಾನು ತಿಳಿಯದೆ ಮಾಡಿದೆ ಎಂದು ಆಮೇಲೆ ಯಾರಾದರೂ ಅಂದರೆ ಅದು ಸರಿಯಲ್ಲ. ಅದಕ್ಕೇ ಇಷ್ಟೆಲ್ಲ ಬರೆದೆ.

ಅದೇ ವಾರ ಹೈಸ್ಕೂಲಿನವರು ಅವಳನ್ನು ಮಕ್ಕಳಿಗೆ ಮಾತಾಡಲು ಕರೆದರು. ಅವ್ವನನ್ನು ನನ್ನ ಗಂಡನಿಗೆ ಒಪ್ಪಿಸಿ ನಾನೂ ಮಗಳೂ ಹೋದೆವು. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ತಂಗಿ ಚೀಲದಿಂದ ಒಂದು ಕಾಯಿ ತೆಗೆದಳು. ಬೆಳಿಗ್ಗೆ ನನ್ನನ್ನು ಕೇಳಿಯೇ ತಂದದ್ದು. ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮೈಕಿನ ಹತ್ತಿರ ಅಲ್ಲಾಡಿಸಿ, "ಒಳಗೇನಿದೆ?" ಎಂದು ಕೇಳಿದಳು. ಹುಡುಗರೆಲ್ಲ ಕೊಬ್ಬರಿ ಎಂದು ಕೂಗಿದರು. "ಒಡೆಯದೆ ಹೇಗೆ ಹೇಳಿದಿರಿ?" ಎಂದಳು. ಆಮೇಲೆ ಅಂದಳು: "ನಾನು ಚಿಕ್ಕವಳಿದ್ದಾಗ ನಮ್ಮ ಅಟ್ಟದ ಮೇಲೆ ಧೂಳಿನಲ್ಲಿ ಕೂತು ಹೀಗೆ ಒಂದೊಂದೇ ಕಾಯಿ ಕಿವಿಗೆ ಹಿಡಿದು ಕೇಳುತ್ತಿದ್ದೆ. ಕಾಣದ್ದನ್ನು ತಿಳಿಯುವುದು ನನಗೆ ಅಲ್ಲೇ ಬಂತು."

ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರುಗಳು ತಟ್ಟಿದರು. ನನ್ನ ಮಗಳು ತಟ್ಟಿದಳು. ನಾನೂ ತಟ್ಟಿದೆ.

ಆಟೋದಲ್ಲಿ ವಾಪಸು ಬರುವಾಗ ತಂಗಿ ಕೇಳಿದಳು, "ಎಂಗಿತ್ತಕ್ಕ?"

"ಚೆನ್ನಾಗಿತ್ತು."

"ಕಾಯಿ ವಿಷಯ ಹಿಡಿಸ್ತು ಅಲ್ವಾ ಮಕ್ಕಳಿಗೆ?"

"ಹೂಂ."

ಅವಳಿಗೆ ಹೊಳೆಯಲೇ ಇಲ್ಲ. ಅದು ನನಗೆ ಇನ್ನೂ ಚುಚ್ಚಿತು. ಬೇಕೆಂದು ಕದ್ದಿದ್ದರೆ ಜಗಳವಾಡಬಹುದಿತ್ತು. ಅವಳು ನಿಜವಾಗಿಯೂ ತಾನೇ ಅಟ್ಟದಲ್ಲಿ ಕೂತಿದ್ದೆ ಅಂತ ನಂಬಿಬಿಟ್ಟಿದ್ದಳು. ಅವಳಿಗೆ ಓದು ಸಿಕ್ಕಿತು, ವಿಮಾನ ಸಿಕ್ಕಿತು, ಅವ್ವ ಬಂದವರಿಗೆಲ್ಲ ಅವಳ ಸುದ್ದಿಯನ್ನೇ ಹೇಳುತ್ತಾಳೆ. ನಾನು ಹೆತ್ತ ಮಗಳು ಅವಳ ಹಿಂದೆ ಸುತ್ತುತ್ತಾಳೆ. ಇವೆಲ್ಲ ಅವಳ ಪಾಲು ಅಂತ ಬಿಟ್ಟುಕೊಟ್ಟಿದ್ದೆ. ಅಥವಾ ಬಿಟ್ಟುಕೊಟ್ಟಿದ್ದೇನೆ ಅಂದುಕೊಂಡಿದ್ದೆ. ಅಟ್ಟವನ್ನೂ ಅವಳಿಗೇ ಕೊಡಬೇಕೆಂದು ಗೊತ್ತಿರಲಿಲ್ಲ.

ಇದಾದ ಎರಡು ಮೂರು ದಿನಕ್ಕೆ ಆ ಮಧ್ಯಾಹ್ನ ಬಂತು. ನನ್ನ ಗಂಡ ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದರು, ಮಗಳು ಕಾಲೇಜಿಗೆ. ಕೊಬ್ಬರಿ ಸುಲಿಯಲು ಬಂದಿದ್ದ ಹೆಂಗಸರು ಊಟಕ್ಕೆ ಮನೆಗೆ ಹೋಗಿದ್ದರು. ಅವ್ವ ನಡುಮನೆಯಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಳು. ತಂಗಿಯ ಪಾಳಿ ಶುರುವಾಗಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಬೆಳಗಿನಿಂದ ಕೂತಿದ್ದಳು. ಹಂಡೆ ನೀರು ಕಾದು ಮರಳುತ್ತಿದೆ, ಹೋಗಿ ಹುಯ್ಕೊಂಡು ಬಾ ಎಂದು ನಾನೇ ಅಂದೆ. ಅವಳು ಪರದೆ ನೋಡಿದಳು. ಎಲ್ಲ ಹಸಿರಾಗಿತ್ತು. ಆಗ ಹೇಳಿದ ಮಾತೇ ಮೊದಲು ಬರೆದದ್ದು.

ಅವಳು ಹಿತ್ತಿಲಿಗೆ ಹೋದಳು. ಮೊದಲ ಚೊಂಬು ನೀರು ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೇ ಪರದೆಯ ಒಂದು ಮೂಲೆ ಕೆಂಪಾಯಿತು. ಲಾರಿ ಹಿಂದಕ್ಕೆ ಬರುವಾಗ ಕೂಗುತ್ತದಲ್ಲ, ಅಂಥ ಸದ್ದು ಶುರುವಾಯಿತು. ನನ್ನ ಕೈಯಲ್ಲಿ ಒಂದು ಕಾಯಿ ಇತ್ತು. ಇದೊಂದನ್ನು ನೋಡಿ ಕರೆಯೋಣ ಅಂದುಕೊಂಡೆ. ಅದನ್ನು ಅಲ್ಲಾಡಿಸಿದೆ. ಲ್ಯಾಪ್‌ಟಾಪಿನ ಕೂಗಿನಲ್ಲಿ ಕಾಯಿಯ ಸದ್ದು ಸರಿಯಾಗಿ ತಿಳಿಯಲಿಲ್ಲ, ಇನ್ನೊಂದು ಸಲ ಅಲ್ಲಾಡಿಸಿದೆ. ಆಮೇಲೆ ಇನ್ನೊಂದು ಕಾಯಿ ತೆಗೆದುಕೊಂಡೆ. ಕರೆಯಬಾರದು ಅಂತ ನಾನು ತೀರ್ಮಾನ ಮಾಡಿದ್ದು ಯಾವಾಗ ಎಂದು ಕೇಳಿದರೆ ಹೇಳಲಾರೆ. ಕರೆಯೋಣ, ಕರೆಯೋಣ ಅನ್ನುತ್ತಲೇ ಇದ್ದೆ. ಅವಳದು ಏನಾದರೂ ಒಂದು, ಒಂದೇ ಒಂದು, ಕೆಡಲಿ ಅಂತಲೂ ಅನ್ನಿಸುತ್ತಿತ್ತು.

ಒಳಗಿನಿಂದ ಅವ್ವ ಕೇಳಿದಳು. "ಅದೇನೇ ಅದು, ಒಂದೇ ಸಮ ಕುಯ್ಯೋ ಅಂತೈತೆ?"

"ಯಾರದೋ ಗಾಡಿ ಹಿಂದಕ್ಕೆ ತಗೀತಾವ್ರೆ ಕಣವ್ವ. ಮಲಕ್ಕೊ."

ಈ ಮಾತು ಬಾಯಿಂದ ಬಂದ ಮೇಲೆ ಕರೆಯುವ ದಾರಿ ಮುಚ್ಚಿತು. ಸ್ವಲ್ಪ ಹೊತ್ತು ಕೂಗಿ ಅದು ತಾನೇ ನಿಂತಿತು. ಕೆಂಪು ಮಾತ್ರ ಹಾಗೇ ಉಳಿಯಿತು. ಹಿತ್ತಿಲಲ್ಲಿ ನೀರು ಹುಯ್ಯುವ ಸದ್ದು ಇನ್ನೂ ಬರುತ್ತಿತ್ತು. ಅವಳ ಕೂದಲು ಉದ್ದ, ಸೀಗೆಪುಡಿ ಹೋಗಲು ಹೊತ್ತು ಬೇಕು.

ತಲೆಗೆ ಟವೆಲು ಸುತ್ತಿಕೊಂಡು ಬಂದವಳು ಪರದೆ ನೋಡಿ ಹಾಗೇ ನಿಂತಳು. ಆಮೇಲೆ ನಿಂತುಕೊಂಡೇ ಏನೇನೋ ಒತ್ತಿದಳು. ಯಾರಿಗೋ ಫೋನು ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದಳು. ಕೆಂಪು ಹೋಗಿ ಹಸಿರು ಬಂತು. ಟವೆಲು ಜಾರಿ ಕೂದಲಿನ ನೀರು ಜಗಲಿಯ ಮೇಲೆಲ್ಲ ತೊಟ್ಟಿಕ್ಕುತ್ತಿತ್ತು.

"ಅಕ್ಕ, ಇದು ಕೂಗ್ಲಿಲ್ವಾ?"

"ಇಲ್ವಲ್ಲ."

"ನೀನು ಇಲ್ಲೇ ಇದ್ದೆ ತಾನೇ?"

"ಇಲ್ಲೇ ಇದ್ದೆ. ಎಲ್ಲೂ ಎದ್ದಿಲ್ಲ."

ಅವಳು ನನ್ನ ಮುಖ ನೋಡಿದಳು. ಒಂದು ಚೂರೂ ಅನುಮಾನವಿರಲಿಲ್ಲ. "ನಿನ್ ಕಿವಿಗೇ ಬಿದ್ದಿಲ್ಲ ಅಂದ್ಮೇಲೆ ಅದು ಕೂಗಿಲ್ಲ ಬುಡು," ಎಂದಳು.

ನನ್ನ ಕಿವಿ ಅವಳಿಗೆ ನೆನಪಿತ್ತು. ಬೇಕಾದ ದಿನ ನೆನಪಾಗದೆ ಬೇಡದ ದಿನ ನೆನಪಾಯಿತು.

ಅವಳು ತನ್ನ ಸಂಸ್ಥೆಗೆ ವಾಪಸಾದ ಮೇಲೆ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದಳು. ಸ್ವಲ್ಪ ದಿನಕ್ಕೆ ವಿಷಯ ಒಂದೊಂದಾಗಿ ಹೊರಬಂತು. ಅವಳು ಸ್ನಾನಕ್ಕೆ ಹೋಗಿದ್ದಾಗ ಕಾವಲು ಹಲಗೆಗಳ ಕರೆಂಟು ಹೋಗಿತ್ತು. ಆ ಹೊತ್ತಿನಲ್ಲೇ ಖಾಲಿ ಕೊಳವೆಯಲ್ಲಿ ಎರಡು ಗೆರೆ ಮೂಡಿತ್ತು. ಇಷ್ಟು ದಿನ ಕಾದದ್ದು ಹೇಗೆ ಕಾಣಬೇಕು ಅಂದುಕೊಂಡಿದ್ದರೋ ಹಾಗೆಯೇ.

"ಅದೇನಾ ಅದು?" ಎಂದೆ.

"ಇರಲ್ಲ ಅಕ್ಕ. ಬಂಡೆ ದಾಟಿ ಬಂದ ಯಾವುದೋ ಮಾಮೂಲಿ ಕಣದ್ದೇ ಇರಬೇಕು. ಆದ್ರೆ ಅಲ್ಲ ಅಂತಾನೂ ಹೇಳೋಂಗಿಲ್ಲ, ಹೌದು ಅಂತಾನೂ ಹೇಳೋಂಗಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲವಲ್ಲ. ಆ ಹೊತ್ತಿಂದೆಲ್ಲ ತೆಗೆದು ಪಕ್ಕಕ್ಕೆ ಇಟ್ಟುಬಿಟ್ರು."

ಸ್ನಾನಕ್ಕೆ ಎದ್ದು ಹೋದದ್ದಕ್ಕೆ ಅವಳು ಬೈಸಿಕೊಂಡಿದ್ದಳು. ಅದನ್ನು ನನಗೆ ನಗುತ್ತಲೇ ಹೇಳಿದಳು. ಆ ನಗುವಿನ ಕೆಳಗೆ ಅವಳ ದನಿ ಸೋತಿದ್ದು ನನಗೆ ಕೇಳಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳ ದನಿ ಸೋತದ್ದು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಆ ದಿನ ಊಟ ರುಚಿಸಿತು.

ಆದರೆ ವಿಷಯ ಅವಳ ಹತ್ತಿರವೇ ನಿಲ್ಲಲಿಲ್ಲ. ಪರದೆ ಕೆಂಪಾದಾಗ ಲ್ಯಾಪ್‌ಟಾಪು ಕೂಗುವ ಹಾಗೆ ಮಾಡಿದ್ದು ಅವಳ ಕೈಕೆಳಗಿನ ಒಬ್ಬ ವಿದ್ಯಾರ್ಥಿನಿ. ಅಸ್ಸಾಂ ಕಡೆಯವಳು. ಕೂಗಲೇ ಇಲ್ಲ ಎಂದ ಮೇಲೆ ತಪ್ಪು ಅವಳ ಕೆಲಸದ್ದೇ ಆಯಿತು. ಆ ಹುಡುಗಿ ಕೂಗಿರಲೇಬೇಕು ಎಂದು ಹಟ ಹಿಡಿದಿದ್ದಳಂತೆ. ತಂಗಿ ಅವಳಿಗೆ, "ಪಕ್ಕದಲ್ಲೇ ನನ್ನ ಅಕ್ಕ ಕೂತಿದ್ದಳು. ಅವಳು ಸುಳ್ಳು ಹೇಳುವವಳಲ್ಲ" ಎಂದಿದ್ದಳು. ಚಳಿಗಾಲದಲ್ಲಿ ಸುರಂಗಕ್ಕಿಳಿದು ಪೆಟ್ಟಿಗೆ ಬದಲಿಸುವ ಸರದಿ ಆ ಹುಡುಗಿಯದಾಗಿತ್ತು. ಮೊದಲ ಸಲ. ಈಗ ಬೇರೆಯವರನ್ನು ಕಳಿಸುವ ಮಾತು ನಡೆದಿತ್ತು.

"ಪಾಪ, ದಿನಾ ಅದನ್ನ ಕೂಗಿಸಿ ಕೂಗಿಸಿ ನೋಡ್ತಾಳೆ ಕಣಕ್ಕ," ಎಂದಳು ತಂಗಿ. "ನೋಡಿದಾಗೆಲ್ಲ ಕೂಗುತ್ತೆ. ಅವತ್ತೊಂದಿನ ಯಾಕೆ ಕೂಗಲಿಲ್ಲ ಅಂತ ಅವಳಿಗೆ ಗೊತ್ತಾಗ್ತಿಲ್ಲ. ಊಟಾನೂ ಸರಿಯಾಗಿ ಮಾಡ್ತಿಲ್ಲ. ತನಗೆ ಏನೂ ಬರಲ್ಲ ಅಂತ ಅಳ್ತಾಳೆ."

ನಾನು ಫೋನಿಟ್ಟೆ. ಮುಂದಿನ ಭಾನುವಾರವೂ ಏನೂ ಹೇಳಲಿಲ್ಲ. ತಂಗಿಯ ಮೇಲೆ ಎಷ್ಟು ಕಿಚ್ಚಿದ್ದರೂ ಆ ಹುಡುಗಿ ನನಗೆ ಏನೂ ಕೆಡುಕು ಮಾಡಿರಲಿಲ್ಲ. ಅವಳು ಸರಿಯಾಗಿ ಮಾಡಿದ ಕೆಲಸವನ್ನು ನಾನು ತಪ್ಪು ಮಾಡಿಟ್ಟಿದ್ದೆ. ಕೆಲಸ ಸರಿಯಾಗಿ ಬರುತ್ತಿದ್ದರೂ ಬರುವುದಿಲ್ಲವೇನೋ ಅಂದುಕೊಂಡು ಬದುಕುವುದು ಹೇಗಿರುತ್ತದೆ ಎಂದು ಯೋಚಿಸಿದಷ್ಟೂ ಕೈಗೆ ಕೆಲಸ ಹತ್ತಲಿಲ್ಲ. ಮೂರನೆಯ ಭಾನುವಾರದವರೆಗೆ ಕಾಯಲಾಗದೆ ನಾನೇ ಫೋನು ಮಾಡಿದೆ. ತೋಟದ ಬೋರಿನ ಹತ್ತಿರ ನಿಂತಿದ್ದೆ.

"ಕೂಗಿತ್ತು ಕಣೇ," ಎಂದೆ.

"ಯಾವುದು?"

"ಅವತ್ತು. ನಿನ್ನ ಲ್ಯಾಪ್‌ಟಾಪು. ನಂಗೆ ಕೇಳಿಸ್ತು. ನಾನು ಕರೀಲಿಲ್ಲ."

ಅವಳು ಕೇಳಿದ್ದು ಬೇರೆಯೇ. "ಎಷ್ಟೊತ್ತು ಕೂಗ್ತು? ನಡುವೆ ನಿಂತು ಮತ್ತೆ ಕೂಗ್ತಾ, ಒಂದೇ ಸಮ ಕೂಗ್ತಾ?"

"ಒಂದೇ ಸಮ. ಅವ್ವನಿಗೂ ಕೇಳಿಸ್ತು. ಗಾಡಿ ಅಂದೆ."

"ಸರಿ," ಎಂದಳು. "ಯಾಕಕ್ಕ?"

"ಅಟ್ಟದ ಮೇಲೆ ಕೂತಿದ್ದೋಳು ನಾನು. ನೀನಲ್ಲ."

"ಯಾವ ಅಟ್ಟ?" ಎಂದಳು. ಹೊಳೆದ ಮೇಲೆ, "ಓ," ಎಂದಳು. ಆಮೇಲೆ ತೀರ ಸಣ್ಣ ದನಿಯಲ್ಲಿ, "ಅದಕ್ಕಾ?"

"ಅದಕ್ಕೇ ಅಂತಲ್ಲ. ಎಲ್ಲದಕ್ಕೂ."

ಅವಳು ಅಳಲಿಲ್ಲ, ಬೈಯಲಿಲ್ಲ. "ಆ ಹುಡುಗಿ ಮುಂದೆ ಹೇಳ್ತೀಯಾ?" ಎಂದು ಮಾತ್ರ ಕೇಳಿದಳು. ಹೇಳುತ್ತೇನೆ ಎಂದೆ.

ಮರುದಿನ ಅವರೆಲ್ಲ ವೀಡಿಯೊದಲ್ಲಿ ಸೇರುವ ಹೊತ್ತಿಗೆ ಮಗಳು ತನ್ನ ಮೊಬೈಲನ್ನು ಜಗಲಿಯ ಮೇಲೆ ಹಿಡಿದುಕೊಂಡಳು. ಅವಳಿಗೂ ಎಲ್ಲ ಹೇಳಿದ್ದೆ. ಅವಳು ನನ್ನ ಸೆರಗು ಸರಿಮಾಡಿದಳು. ಪರದೆಯಲ್ಲಿ ಚಿಕ್ಕ ಚಿಕ್ಕ ಮುಖಗಳು. ಒಂದು ಮೂಲೆಯಲ್ಲಿ ತಂಗಿ, ಇನ್ನೊಂದರಲ್ಲಿ ಕಣ್ಣ ಕೆಳಗೆ ಕಪ್ಪಾಗಿದ್ದ ಒಬ್ಬ ಹುಡುಗಿ. ನಾನು ಕನ್ನಡದಲ್ಲಿ ಹೇಳಿದೆ. ಕೂಗಿದ್ದು ಹೇಳಿದೆ, ಅವ್ವನಿಗೆ ಗಾಡಿ ಎಂದದ್ದು ಹೇಳಿದೆ. ನನಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು ಇತ್ತು, ಅದಕ್ಕೆ ಬೇಕೆಂದೇ ಕರೆಯಲಿಲ್ಲ, ಅಮ್ಮಾ ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ ಎಂದು ಆ ಹುಡುಗಿಗೆ ಕೈ ಮುಗಿದೆ. ಬಹಳ ಹೊತ್ತು ಹೇಳಿದೆ. ತಂಗಿ ಅದನ್ನು ಇಂಗ್ಲಿಷಿಗೆ ಹೇಳಿದಳು. ಅವಳ ಮಾತು ಬೇಗ ಮುಗಿಯಿತು. ಆ ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಲೆ ಬಾಗಿಸಿದಳು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಯಾರೂ ಬೈಯಲಿಲ್ಲ.

"ನಿನ್ ಚಿಕ್ಕಮ್ಮ ಏನು ಹೇಳಿದ್ಲು?" ಎಂದು ಮಗಳನ್ನು ಕೇಳಿದೆ.

ಮಗಳು ಮೊಬೈಲು ಒರೆಸುತ್ತ ಹೇಳಿದಳು. "ಕೂಗಿದ್ದು ನಿಂಗೆ ಕೇಳಿಸಿತ್ತು ಅಂತ ಹೇಳಿದ್ಲಮ್ಮ. ಅದೇನು ಅಂತ ಚಿಕ್ಕಮ್ಮ ನಿಂಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ವಂತೆ. ತಪ್ಪು ತನ್ನದೇ ಅಂದ್ಲು."

ನನಗೆ ಹೇಗಾಯಿತು ಅಂದರೆ, ನಾನು ಒಪ್ಪಿಕೊಂಡ ತಪ್ಪನ್ನೂ ತಂಗಿಯೇ ತೆಗೆದುಕೊಂಡು ಹೋಗಿದ್ದಳು. ದೊಡ್ಡ ಮನಸ್ಸಿನವಳು ಅನ್ನುವ ಹೆಸರೂ ಅವಳಿಗೇ. ಕೂಡಲೇ ಫೋನು ಹಚ್ಚಿದೆ.

"ನಾನು ಅಂದಿದ್ದನ್ನ ಯಾಕೆ ಹೇಳಲಿಲ್ಲ?"

"ಅವರಿಗೆ ಬೇಕಾಗಿದ್ದಷ್ಟು ಹೇಳಿದೆ ಅಕ್ಕ. ಕೂಗಿತ್ತು ಅನ್ನೋದು ಅವರಿಗೆ ಬೇಕಿತ್ತು. ಮಿಕ್ಕಿದ್ದು ನಮ್ಮನೆ ಮಾತು."

"ನಂಗೆ ಗೊತ್ತಿಲ್ಲದೆ ಮಾಡ್ದೆ ಅಂದಂಗಾಯ್ತಲ್ಲ. ನಾನೇನು ದಡ್ಡಿನಾ?"

ಆಗ ಅವಳಿಗೆ ಮೊದಲ ಸಲ ಸಿಟ್ಟು ಬಂತು. "ಹೊಟ್ಟೆ ಉರಿಗೆ ಹಿಂಗ್ ಮಾಡಿದ್ಲು ಅಂತ ನನ್ನ ಅಕ್ಕನ ಬಗ್ಗೆ ಹೊರಗಿನೋರ ಮುಂದೆ ನಾನು ಹೆಂಗೆ ಹೇಳಲಿ? ನೀನು ಹೇಳ್ದೆ, ನಿಂಗೆ ಹಗುರ ಆಯ್ತು. ತಪ್ಪು ನಂದು ಅಂದು ನಾನೂ ಹಗುರ ಆಗೋದು ಬೇಡ್ವಾ? ಇಡು ಫೋನು." ಅವಳೇ ಇಟ್ಟಳು.

ಆ ಹುಡುಗಿ ಚಳಿಗಾಲದಲ್ಲಿ ಸುರಂಗಕ್ಕೆ ಹೋದಳು. ತಲೆಗೆ ಟೊಪ್ಪಿ ಹಾಕಿಕೊಂಡು ಪೆಟ್ಟಿಗೆಯ ಪಕ್ಕ ನಿಂತ ಅವಳ ಫೋಟೋ ಮಗಳ ಮೊಬೈಲಿಗೆ ಬಂತು. ಆ ಎರಡು ಗೆರೆ ಯಾರು ಮಾಡಿದ್ದು ಎಂದು ಇನ್ನು ಎಂದಿಗೂ ಯಾರಿಗೂ ತಿಳಿಯುವುದಿಲ್ಲ. ತಂಗಿ ಅದರ ಮಾತನ್ನೇ ಎತ್ತುವುದಿಲ್ಲ. ನಾನು ಎತ್ತಿದರೆ, "ಮಾಮೂಲಿದು ಅಕ್ಕ, ಬುಡು" ಅನ್ನುತ್ತಾಳೆ. ಅವಳು ಇಂಗ್ಲಿಷಿನಲ್ಲಿ ಬಿಟ್ಟುಬಿಟ್ಟದ್ದನ್ನು ನಾನು ಇಲ್ಲಿ ಬರೆದಿದ್ದೇನೆ.

ಈ ಬೇಸಿಗೆಯಲ್ಲಿ ಅವಳು ಮತ್ತೆ ಬಂದಳು. ಮೊದಲಿನ ಹಾಗೆಯೇ ನಕ್ಕಳು, ನನ್ನ ಕೈಯ ರೊಟ್ಟಿ ಕೇಳಿ ಹಾಕಿಸಿಕೊಂಡಳು. ಒಂದು ಮಧ್ಯಾಹ್ನ ಪಾಳಿಯಲ್ಲಿದ್ದಾಗ ಹಿತ್ತಿಲಿಂದ ಅವ್ವ ಅವಳನ್ನು ಕರೆದಳು. ತಂಗಿ ಎದ್ದಳು. ನಾನು ಅಲ್ಲೇ ಜಗಲಿಯ ಮೇಲೆ, ಕೈಯಲ್ಲಿ ಏನೂ ಇಲ್ಲದೆ ಕೂತಿದ್ದೆ.

"ಹೋಗ್ಬಾ, ನಾನಿದ್ದೀನಿ," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. "ಇರ್ಲಿ ಬುಡಕ್ಕ, ನಿಂಗೆ ಬೇರೆ ಕೆಲ್ಸ ಇರುತ್ತೆ," ಎಂದವಳು ಒಳಗೆ ಓದುತ್ತಿದ್ದ ನನ್ನ ಮಗಳನ್ನು ಕರೆದಳು. ಮಗಳು ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಪರದೆಯ ಮುಂದೆ ಕೂತಳು. ಹೊಟ್ಟೆಯಲ್ಲಿ ಹುಟ್ಟಿದವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಕೆಲಸ ಏನೂ ಇರಲಿಲ್ಲ. ಆದರೂ ಎದ್ದು ಒಳಗೆ ಹೋದೆ.